ಒಂದು ಆಲಿಕಲ್ಲಿನಷ್ಟು ನೀರು

ಮೊದಲು ಗೊತ್ತಾಗಿದ್ದು ಚಪ್ಪಲಿಯಿಂದ.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೊರಟ ನನ್ನ ಹೆಂಡತಿ ಸರೋಜ ಬಾಗಿಲಲ್ಲೇ ಕೂತುಬಿಟ್ಟಳು. ದಿನಾ ಮೆಟ್ಟುತ್ತಿದ್ದ ಚಪ್ಪಲಿ ಕಾಲಿಗೆ ಹಿಡಿಯುತ್ತಿರಲಿಲ್ಲ. ಪಾದ ಊದಿತ್ತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗುಳಿ ಬಿತ್ತು. ಬಿದ್ದ ಗುಳಿ ಎಷ್ಟು ಹೊತ್ತಾದರೂ ಮೇಲೇಳಲಿಲ್ಲ.

ಉಷ್ಣ ಆಗಿರಬೇಕು ಎಂದಳು. ನಾನೂ ಹಾಗೇ ಅಂದುಕೊಂಡೆ. ನಮ್ಮ ಮದ್ದೂರು ಸೀಮೆಯಲ್ಲಿ ಯಾವ ಕಾಯಿಲೆಗಾದರೂ ಮೊದಲ ಹೆಸರು ಉಷ್ಣ, ಮೊದಲ ಮದ್ದು ಎಳನೀರು. ಜ್ವರ ಬಂದವರಿಗೂ ಅದೇ, ಆಪರೇಷನ್ ಆದವರಿಗೂ ಅದೇ, ಮನೆಯಲ್ಲಿ ಜಗಳವಾಡಿ ಊಟ ಬಿಟ್ಟವರಿಗೂ ಅದೇ. ಕಾಯಿಲೆಯವರನ್ನು ನೋಡಲು ಹೋಗುವಾಗ ಯಾರೂ ಬರಿಗೈಲಿ ಹೋಗುವುದಿಲ್ಲ. ಎಳನೀರು ಹಿಡಿದೇ ಹೋಗುತ್ತಾರೆ. ನಮ್ಮ ಹಿತ್ತಲಲ್ಲೇ ನಾಲ್ಕು ತೆಂಗಿನ ಮರಗಳಿವೆ. ಹದಿನೈದು ದಿನ, ದಿನಕ್ಕೆ ಎರಡರಂತೆ ಕೆತ್ತಿ ಕುಡಿಸಿದೆ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಮಾಡಿದ ತಪ್ಪಿಗೆ, ಪಾಪ ಓದಿಲ್ಲದವನು ಎಂಬ ರಿಯಾಯಿತಿ ನನಗೆ ಸಿಗಬಾರದು.

ಊತ ಇಳಿಯಲಿಲ್ಲ. ವಾಂತಿ ಶುರುವಾಯಿತು. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ ಎಂದಳು. ಮಂಡ್ಯಕ್ಕೆ ಕರೆದುಕೊಂಡು ಹೋದೆ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಒಂದರ ಆಸುಪಾಸಿನಲ್ಲಿರಬೇಕಾದ ಕ್ರಿಯಾಟಿನಿನ್ ಹನ್ನೊಂದು ದಾಟಿತ್ತು. ಬಿ.ಪಿ. ಒಳಗೊಳಗೇ ಏರಿ ಎರಡೂ ಕಿಡ್ನಿಗಳು ಸುಕ್ಕಾಗಿವೆ, ಡಯಾಲಿಸಿಸ್ ತಡಮಾಡುವಂತಿಲ್ಲ ಎಂದರು ಡಾಕ್ಟರ್. ಎಷ್ಟು ದಿನ ಮಾಡಿಸಬೇಕು ಸಾರ್ ಎಂದು ಸರೋಜ ಕೇಳಿದಳು. ಅವರು ನನ್ನ ಮುಖ ನೋಡಿ ಹೇಳಿದರು.

ಬದುಕಿರುವಷ್ಟು ದಿನ.

ಅಲ್ಲಿಂದ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಮೂರೇ ವಾರ ಉಳಿದವು: ಸೋಮ, ಬುಧ, ಶುಕ್ರ. ನಮ್ಮೂರು ಕೊಕ್ಕರೆ ಬೆಳ್ಳೂರಿನಿಂದ ಹೆದ್ದಾರಿಯವರೆಗೆ ಆಟೋ, ಅಲ್ಲಿಂದ ಮಂಡ್ಯಕ್ಕೆ ಬಸ್ಸು. ನಾಲ್ಕು ಗಂಟೆ ಮೆಷಿನ್ನು. ಮತ್ತೆ ಬಸ್ಸು, ಮತ್ತೆ ಆಟೋ. ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದರಲ್ಲೇ ಕಾಫಿ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಬೇಕು. ತಿನ್ನಬಾರದ್ದರ ಪಟ್ಟಿ ಕೊಟ್ಟ ಡಯೆಟಿಷಿಯನ್ ಹುಡುಗಿ, ಎಳನೀರನ್ನು ಮಾತ್ರ ನಿಮ್ಮ ಕಡೆಯವರಿಗೆ ಮೂರು ಸಲ ಹೇಳುತ್ತೇನೆ ಎಂದು ನಗುತ್ತಾ ಮೂರು ಸಲ ಹೇಳಿದಳು. ಬೇಡ, ಬೇಡ, ಬೇಡ. ನಾವೂ ನಕ್ಕೆವು.

ಮದ್ದೂರಿನಲ್ಲಿ ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಜಾರ್ ಕೊಂಡುಕೊಂಡೆ. ಬೆಳಿಗ್ಗೆ ಅದಕ್ಕೆ ಅವಳ ದಿನದ ನೀರು ತುಂಬಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಕೆಳ ಅಂಚನ್ನು ಗೆರೆಗೆ ಸರಿಯಾಗಿ ಓದುತ್ತಿದ್ದೆ. "ಮೇಷ್ಟ್ರು ಲ್ಯಾಬು ತೆಗೆದ್ರು," ಎಂದು ಸರೋಜ ಅಡುಗೆಮನೆಯಿಂದಲೇ ರೇಗಿಸುತ್ತಿದ್ದಳು. ಮದುವೆಯಾದಾಗಿನಿಂದ ನನ್ನನ್ನು ಅವಳು ಕರೆಯುವುದೇ ಮೇಷ್ಟ್ರು ಎಂದು.

ಒಂದು ವಿಷಯ ಹೇಳಬೇಕು. ಅವಳು ಹೊರಗೆ ನೋಡಲು ಕಲಿತದ್ದು ಈ ಕಾಯಿಲೆಯಲ್ಲಿ. ಇಷ್ಟು ವರ್ಷ ಬಸ್ಸಿನಲ್ಲಿ ಕೂತರೂ ಅವಳ ಕಣ್ಣು ಮಡಿಲಿನ ಚೀಲದ ಮೇಲೇ ಇರುತ್ತಿತ್ತು. ಅದರಲ್ಲಿ ಸೊಪ್ಪೋ ಅಕ್ಕಿಯೋ ಇರುತ್ತಿತ್ತು, ಮನೆಗೆ ಹೋಗಿ ಮಾಡುವ ಕೆಲಸ ತಲೆಯಲ್ಲಿರುತ್ತಿತ್ತು. ಈಗ ಕಿಟಕಿ ಪಕ್ಕದ ಸೀಟು ಅವಳದೇ. ಗದ್ದೆಯ ಮೇಲೆ ಮಂಜು ಎಷ್ಟು ಎತ್ತರಕ್ಕೆ ನಿಂತಿದೆ, ಕಬ್ಬು ಬೆಳ್ಳಗೆ ಹೂ ಬಿಟ್ಟಿದೆಯೋ ಇಲ್ಲವೋ, ನಾಲೆಗೆ ನೀರು ಬಂತೋ, ಯಾರ ಹೊಲದ ಅವರೆ ಸೊನೆ ಕಟ್ಟಿದೆ, ಎಲ್ಲ ನೋಡುತ್ತಿದ್ದಳು. ಡಯಾಲಿಸಿಸ್ ರೂಮಿಗೆ ಕಿಟಕಿ ಇಲ್ಲ. ಎಂಟು ಬೆಡ್ಡು, ಏಸಿ ಸದ್ದು, ಯಾವಾಗಲೂ ಒಂದೇ ಬೆಳಕು. ಸೂಜಿ ಚುಚ್ಚಿಸಿಕೊಂಡು ಮಲಗಿದ ಮೇಲೆ ಸರೋಜ ಅಕ್ಕಪಕ್ಕದ ಬೆಡ್ಡಿನವರಿಗೆ ಆ ದಿನದ ಹವೆಯ ವರದಿ ಒಪ್ಪಿಸುತ್ತಿದ್ದಳು. ದುದ್ದದಿಂದ ಬರುತ್ತಿದ್ದ ಒಬ್ಬ ಮುದುಕರು ಕಣ್ಣು ಮುಚ್ಚಿಕೊಂಡೇ, ಇವತ್ತು ಏನಮ್ಮ ನೋಡಿದೆ ಎಂದು ಕೇಳುತ್ತಿದ್ದರು. ಇವಳು ಹೇಳಿ ಮುಗಿಸುವವರೆಗೂ ಅವರು ನಿದ್ದೆ ಮಾಡುತ್ತಿರಲಿಲ್ಲ. ಜನವರಿಯಲ್ಲಿ ಒಂದು ಶುಕ್ರವಾರ ಅವರ ಬೆಡ್ಡಿನಲ್ಲಿ ಬೇರೆ ಯಾರೋ ಇದ್ದರು.

ಸಂಕ್ರಾಂತಿಯ ಹೊತ್ತಿಗೆ ಕೊಕ್ಕರೆಗಳು ಬಂದವು. ನಮ್ಮ ಮನೆಯ ಎದುರಿಗೇ ದೊಡ್ಡ ಹುಣಸೆ ಮರವಿದೆ. ಊರಿನವರ ಲೆಕ್ಕದಲ್ಲಿ ಅವು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು. ಗಲೀಜು ಮಾಡಿದರೂ, ವಾಸನೆ ಹೊಡೆದರೂ ಯಾರೂ ಓಡಿಸುವುದಿಲ್ಲ. ನಮಗೆ ಮಕ್ಕಳಿಲ್ಲ. ಬಾಣಂತನ ಮಾಡುವ ಆಸೆಯನ್ನು ಸರೋಜ ಪ್ರತಿವರ್ಷ ಈ ಮರದ ಕೆಳಗೆ ತೀರಿಸಿಕೊಳ್ಳುತ್ತಿದ್ದಳು, ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ. ಈ ವರ್ಷ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ನೋಡುವುದಷ್ಟೇ ಆಯಿತು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಬಾಯಾರಿಕೆ ಎಂದರೆ ಏನೆಂದು ನನಗೆ ಆಗ ತಿಳಿಯಿತು, ಅವಳ ತುಟಿ ನೋಡಿ. ಮಧ್ಯಾಹ್ನದ ಹೊತ್ತು ತಾಯಿ ಕೊಕ್ಕರೆ ಗೂಡಿನ ಅಂಚಿನಲ್ಲಿ ರೆಕ್ಕೆ ಬಿಚ್ಚಿ ನೆರಳು ಮಾಡಿ ನಿಲ್ಲುತ್ತದೆ. ಇನ್ನೊಂದು ಶಿಂಷಾ ಹೊಳೆ ಕಡೆ ಹೋಗಿ ಗಂಟಲಲ್ಲಿ ನೀರು ತುಂಬಿಕೊಂಡು ಬಂದು ಮರಿಗಳ ಬಾಯಿಗೆ ಸುರಿಯುತ್ತದೆ. ಸರೋಜ ಅದನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ನಾನು ಜಾರ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಆದರೆ ಅಷ್ಟು ಹೊತ್ತಿಗೆ ನಮಗೊಂದು ಆಸೆ ಹುಟ್ಟಿತ್ತು. ಇಬ್ಬರದೂ ಒಂದೇ ಬ್ಲಡ್ ಗ್ರೂಪ್. ನನ್ನ ಕಿಡ್ನಿ ಹೊಂದುತ್ತದೆ ಎಂದು ಮೈಸೂರಿನಲ್ಲಿ ಹೇಳಿದ್ದರು. ಯುಗಾದಿ ಆದ ಮೇಲೆ ಆಪರೇಷನ್ನಿಗೆ ದಿನ ಗೊತ್ತುಮಾಡುವುದು ಎಂದಾಗಿತ್ತು. ಆಪರೇಷನ್ ಆದಮೇಲೆ ಮೊದಲು ಏನು ಮಾಡುತ್ತೀಯ ಎಂದು ಕೇಳಿದ್ದೆ. ಬಾವಿಕಟ್ಟೆ ಮೇಲೆ ಕೂತು ಒಂದು ಚೊಂಬು ನೀರು ಗಟಗಟ ಕುಡಿಯುತ್ತೇನೆ, ನೀವು ನನ್ನ ಕಡೆ ನೋಡಬಾರದು ಎಂದಿದ್ದಳು.

ಯುಗಾದಿಗೆ ನಾಲ್ಕು ದಿನ ಇದ್ದಾಗ ಒಂದು ಭಾನುವಾರ ಅವಳ ತಮ್ಮ ಶಿವಣ್ಣ ಮಳವಳ್ಳಿಯಿಂದ ಬಂದ. ಬೈಕಿನ ಹಿಂದೆ ಒಂದು ಗೊನೆ ಎಳನೀರು. ಅಕ್ಕನ ಮನೆಗೆ ಬರಿಗೈಲಿ ಬರುವುದು ಹೇಗೆ, ಕುಡಿಯದಿದ್ದರೆ ಬೇಡ, ನೀವಾದರೂ ಕುಡಿಯಿರಿ ಭಾವ ಎಂದು ಜಗಲಿಯ ಮೇಲಿಟ್ಟ. ನಾನು ಒಳಗೆ ಸಾಗಿಸಬೇಕಿತ್ತು. ಸಾಗಿಸಲಿಲ್ಲ.

ಊಟವಾದ ಮೇಲೆ ಸರೋಜ ಜಾರ್ ತಂದು ನನ್ನ ಮುಂದಿಟ್ಟಳು. ಬೆಳಗಿನಿಂದ ಅವಳು ಒಂದು ಗುಟುಕೂ ಕುಡಿದಿರಲಿಲ್ಲ. ನೀರು ತುಂಬಿದಷ್ಟೇ ಇತ್ತು.

"ಒಂದೇ ಒಂದು ಎಳ್ನೀರು ಕೊಡಿ. ಅದ್ರ ಬದ್ಲು ಇಷ್ಟು ನೀರು ಚೆಲ್ಬುಡಿ," ಎಂದಳು.

ಒಂದು ಎಳನೀರೆಂದರೆ ಹೆಚ್ಚೆಂದರೆ ಮುನ್ನೂರು ಎಂ.ಎಲ್. ನಾನು ಜಾರ್ ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ಮುನ್ನೂರು ಎಂ.ಎಲ್. ನೀರನ್ನು ತುಳಸಿಕಟ್ಟೆಗೆ ಸುರಿದೆ. ನೀರಿಗೆ ನೀರು ಸಮವಾಯಿತು ಎಂದುಕೊಂಡೆ. ಎಳನೀರಿನಲ್ಲಿರುವ ಪೊಟ್ಯಾಸಿಯಂ ಬಗ್ಗೆ ಎಷ್ಟು ಬ್ಯಾಚು ಮಕ್ಕಳಿಗೆ ನೋಟ್ಸ್ ಬರೆಸಿದ್ದೆನೋ. ಆ ಮಧ್ಯಾಹ್ನ ನನ್ನ ತಲೆಯಲ್ಲಿ ನೀರಿನ ಅಳತೆ ಬಿಟ್ಟು ಬೇರೆ ಏನೂ ಇರಲಿಲ್ಲ. ನಾಲ್ಕು ತಿಂಗಳು ಬರೀ ಅಳೆದು ಅಳೆದು, ಅಳತೆ ಸರಿಯಿದ್ದರೆ ಎಲ್ಲವೂ ಸರಿ ಎಂದು ನಂಬಿಬಿಟ್ಟಿದ್ದೆ.

ಶಿವಣ್ಣ ಕೆತ್ತಿ ಕೊಟ್ಟ. ಅವಳು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಕುಡಿದಳು. ಗಲ್ಲದ ಮೇಲೆ ಇಳಿದದ್ದನ್ನು ಬೆರಳಲ್ಲಿ ಒರೆಸಿ ನೆಕ್ಕಿದಳು. ಅವಳ ಮುಖದಲ್ಲಿ ಅಂಥ ಸುಖ ನೋಡಿ ಎಷ್ಟು ಕಾಲವಾಗಿತ್ತೋ. ಸಂಜೆ ಮತ್ತೆ ಜಾರಿನಿಂದ ಮುನ್ನೂರು ಸುರಿದೆ, ಮತ್ತೊಂದು ಕೊಟ್ಟೆ. ಒಳಗಿನ ಗಂಜಿಯನ್ನೂ ಕೆರೆದು ತಿಂದಳು. ಅದನ್ನು ಅಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿನ ಮೆಟ್ಟಿಲು ಹತ್ತಲು ಅವಳ ಕಾಲು ಏಳಲಿಲ್ಲ. ಕಂಡಕ್ಟರ್ ಒಂದು ತೋಳು, ನಾನೊಂದು ತೋಳು ಹಿಡಿದು ಹತ್ತಿಸಿದೆವು. ದಾರಿಯುದ್ದಕ್ಕೂ ಹೊಂಗೆ ಮರಗಳೆಲ್ಲ ಚಿಗುರಿ ಹೊಳೆಯುತ್ತಿದ್ದವು. ನೋಡು ಎಂದೆ. ಅವಳು ತಲೆ ಎತ್ತಲಿಲ್ಲ. ಡಯಾಲಿಸಿಸ್ ರೂಮಿನಲ್ಲಿ ಬಿ.ಪಿ. ಪಟ್ಟಿ ಸುತ್ತುತ್ತಿದ್ದ ಹಾಗೇ ಕಣ್ಣು ಮೇಲಾಯಿತು. ಸಿಸ್ಟರ್ ಕೂಗಿದರು. ನನ್ನನ್ನು ಹೊರಗೆ ತಳ್ಳಿದರು.

ಅವಳ ಹೃದಯ ನಿಂತಿತ್ತು.

ಎದೆ ಒತ್ತಿ, ಇಂಜೆಕ್ಷನ್ ಕೊಟ್ಟು, ಷಾಕ್ ಕೊಟ್ಟು ಮತ್ತೆ ನಡೆಸಿದರು. ಐಸಿಯು ಬಾಗಿಲಿಗೆ ಬಂದ ಡಾಕ್ಟರ್, ಕಿಡ್ನಿ ಹೊರಹಾಕದ ಪೊಟ್ಯಾಸಿಯಂ ರಕ್ತದಲ್ಲಿ ಎಂಟು ದಾಟಿದೆ, ಅದಕ್ಕೇ ಹೃದಯ ನಿಂತಿದ್ದು, ಏನು ಕೊಟ್ಟಿರಿ ಎಂದು ಕೇಳಿದರು.

"ಏನೂ ಇಲ್ಲ ಸಾರ್," ಎಂದೆ.

ಯಾಕೆ ಹಾಗೆಂದೆ? ಹೆದರಿಕೆ, ನಾಚಿಕೆ, ಎಲ್ಲ ಇತ್ತು. ತಪ್ಪು ಮಾಡಿ ಸುಳ್ಳು ಹೇಳಿದ ಎಷ್ಟೋ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಷ್ಟು ಸಲೀಸಾಗಿ ಸುಳ್ಳು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಮೂರನೇ ದಿನ ಗಂಟಲಿನ ಟ್ಯೂಬ್ ತೆಗೆದರು. ಡಾಕ್ಟರ್ ಅವಳನ್ನೇ ಕೇಳಿದರು. ನಾನು ಮಂಚದ ಕಾಲಬದಿಯಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಧ್ವನಿ ಸರಿಯಾಗಿ ಹೊರಡುತ್ತಿರಲಿಲ್ಲ.

"ನಾನೇ ಕದ್ದು ಎಳ್ನೀರು ಕುಡುದ್ಬುಟ್ಟೆ ಸಾ. ಅವ್ರಿಗೆ ಗೊತ್ತಿಲ್ಲ."

ಡಾಕ್ಟರ್ ನನ್ನ ಭುಜ ತಟ್ಟಿದರು. ಕದ್ದು ಕುಡಿದರೆ ನೀವು ತಾನೇ ಏನು ಮಾಡುತ್ತೀರಿ ಎಂದರು. ನಾನು ತಲೆಯಾಡಿಸಿದೆ.

ಆಮೇಲೆ ಎಕೋ ಮಾಡಿದರು. ಹೃದಯ ಮೊದಲೇ ಸ್ವಲ್ಪ ದುರ್ಬಲವಾಗಿತ್ತು, ಈಗ ಬಹಳ ಸೋತಿದೆ, ಆಪರೇಷನ್ನಿಗೆ ಕೊಡುವ ಅನಸ್ತೇಷಿಯಾವನ್ನು ತಡೆಯುವುದಿಲ್ಲ ಎಂದರು. ನನ್ನ ಕಿಡ್ನಿ ನನ್ನಲ್ಲೇ ಉಳಿಯಿತು. ಇದಕ್ಕೆ ಎಳನೀರೊಂದೇ ಕಾರಣ ಎಂದು ಹೇಳಲಾಗದು ಎಂದೂ ಡಾಕ್ಟರ್ ಹೇಳಿದರು. ಆ ಮಾತನ್ನು ನಂಬಲು ದಿನಾ ಪ್ರಯತ್ನ ಪಡುತ್ತೇನೆ. ಆಗುವುದಿಲ್ಲ.

ಮನೆಗೆ ಬಂದ ಮೇಲೆ ನಾವಿಬ್ಬರೂ ಆ ಭಾನುವಾರದ ಮಾತೆತ್ತಲಿಲ್ಲ. ಶಿವಣ್ಣ ಬರುವುದನ್ನೇ ನಿಲ್ಲಿಸಿದ. ನಾನು ಜಾರಿನ ಜೊತೆಗೆ ಈಗ ಅನ್ನವನ್ನೂ ತರಕಾರಿಯನ್ನೂ ತೂಗಿ ಕೊಡುತ್ತಿದ್ದೆ. ಅವಳು ಕೊಟ್ಟಷ್ಟು ತಿನ್ನುತ್ತಿದ್ದಳು. ರೇಗಿಸುವುದನ್ನು ಬಿಟ್ಟಿದ್ದಳು. ಮನೆಯಲ್ಲಿ ಮೇಷ್ಟ್ರು ಎಂಬ ಮಾತೇ ಕೇಳದೆ ವಾರಗಳಾದವು.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕತ್ತಲೆ ಕವಿಯಿತು. ಗಾಳಿ ಎದ್ದು ಹುಣಸೆ ಮರ ಓಲಾಡಿತು. ಮೊದಲು ಮಣ್ಣಿನ ವಾಸನೆ ಬಂತು. ಆಮೇಲೆ ದಪ್ಪ ಹನಿ. ಆಮೇಲೆ ಹೆಂಚಿನ ಮೇಲೆ ಟಣಟಣ ಸದ್ದು.

ಆಲಿಕಲ್ಲು.

ಅವಳನ್ನು ಹಿಡಿದುಕೊಂಡು ಬಂದು ಜಗಲಿಯ ಕುರ್ಚಿಯಲ್ಲಿ ಕೂರಿಸಿದೆ. ಅಂಗಳವೆಲ್ಲ ಬೆಳ್ಳಗಾಗುತ್ತಿತ್ತು. ಮರದ ಮೇಲೆ ಕೊಕ್ಕರೆಗಳು ಮರಿಗಳ ಮೇಲೆ ರೆಕ್ಕೆ ಹರಡಿ, ಬೆನ್ನಿಗೆ ಕಲ್ಲು ಬೀಳುತ್ತಿದ್ದರೂ ಕದಲದೆ ಕೂತಿದ್ದವು. ಸರೋಜ, ಡಯಾಲಿಸಿಸ್ ಸೂಜಿ ಚುಚ್ಚುವ ಫಿಸ್ಟುಲಾ ಇಲ್ಲದ ಬಲಗೈಯನ್ನು ಸೂರಿನಾಚೆ ಚಾಚಿದಳು. ಅಂಗೈ ತುಂಬ ನೀರು. ಅದನ್ನು ಕುಡಿಯಲಿಲ್ಲ, ಮುಖಕ್ಕೆ ಹಚ್ಚಿಕೊಂಡಳು. ಅವಳು ನಗುತ್ತಿದ್ದಳು.

"ಒಂದು ತಂದ್ಕೊಡಿ ಮೇಷ್ಟ್ರೇ," ಎಂದಳು.

ಅವತ್ತಿನ ಜಾರಿನಲ್ಲಿ ರಾತ್ರಿಯ ಮಾತ್ರೆಗೆಂದು ಐವತ್ತು ಎಂ.ಎಲ್. ಉಳಿದಿತ್ತು. ನಾನು ಟವೆಲು ತಲೆಗೆ ಹಾಕಿಕೊಂಡು ಅಂಗಳಕ್ಕೆ ಇಳಿದೆ. ಗೋಲಿ ಗಾತ್ರದ ಒಂದನ್ನು ಹುಲ್ಲಿನ ಮೇಲಿಂದ ಆರಿಸಿ, ಮಳೆಯಲ್ಲೇ ತೊಳೆದೆ. ಮೆಟ್ಟಿಲ ಬಳಿ ಬಂದವನು ನಿಂತುಬಿಟ್ಟೆ. ಇದು ಎಷ್ಟು ಎಂ.ಎಲ್.? ಇದರಲ್ಲಿ ಏನೇನಿದೆ? ಕೈಯಲ್ಲಿ ಅದು ಕರಗುತ್ತಿತ್ತು. ಅವಳು ಬಾಯಿ ತೆರೆದು ಕಾಯುತ್ತಿದ್ದಳು.

ನಾಲಿಗೆಯ ಮೇಲಿಟ್ಟೆ.

ಅದು ಕರಗಿ ಮುಗಿಯುವವರೆಗೆ ಅವಳು ಮೆಲ್ಲಗೆ ಚೀಪಿದಳು. ಮಳೆ ನೋಡುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ, ಒದ್ದೆ ಬಟ್ಟೆಯಲ್ಲೇ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟಳು.

"ಅವತ್ತಿನ ಎಳ್ನೀರು ಬೋ ರುಚಿಯಾಗಿತ್ತು ಕಣ್ರೀ," ಎಂದಳು. "ನೀವು ಅದ್ನ ಬರೀ ತಪ್ಪು ಅಂತ್ಲೇ ಇಟ್ಕಬ್ಯಾಡಿ."

ನಾನು ಅತ್ತೆ. ನಾಚಿಕೆ ಬಿಟ್ಟು, ಜೋರಾಗಿ ಅತ್ತೆ. ಮಳೆ ಸದ್ದಿನಲ್ಲಿ ಬೀದಿಯವರಿಗೆ ಕೇಳಿಸಿರಲಾರದು.

ಮುಂದಿನ ಸೋಮವಾರ ಡಾಕ್ಟರ ರೂಮಿಗೆ ಹೋಗಿ, ಅವಳು ಕದಿಯಲಿಲ್ಲ ಸಾರ್, ನಾನೇ ಅಳೆದು ಕೊಟ್ಟೆ ಎಂದು ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ನನಗೆ ಆಗಲೇ ಅನ್ನಿಸಿತ್ತು ಮೇಷ್ಟ್ರೇ ಎಂದರು. ಶಿವಣ್ಣನಿಗೂ ಫೋನು ಮಾಡಿ, ತಪ್ಪು ನಿನ್ನದಲ್ಲ, ನನ್ನದು ಎಂದೆ. ಆ ವಾರ ಬಂದ. ಅಕ್ಕನಿಗೆ ಏನು ತರುವುದೆಂದು ತಿಳಿಯದೆ, ಅವರ ಹೊಲದ ಅಂಚಿನಿಂದ ಒಂದು ಕೊಂಬೆ ಹೊಂಗೆ ಹೂ ಮುರಿದು ತಂದಿದ್ದ.

ಈಗ ಆಷಾಢ. ಗಾಳಿ ಬೀಸುತ್ತಿದೆ. ಕೊಕ್ಕರೆಗಳು ಮರಿಗಳನ್ನು ಕರೆದುಕೊಂಡು ಹೊರಟುಹೋದವು. ಹುಣಸೆ ಮರದಲ್ಲಿ ಬರೀ ಕಡ್ಡಿಗಳಿವೆ. ಸರೋಜ ಬಸ್ಸು ಹತ್ತಲಾರಳು, ಮಂಡ್ಯದವರೆಗೂ ಆಟೋದಲ್ಲೇ ಹೋಗುತ್ತೇವೆ. ಆಟೋದಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಾಳೆ. ನಾಟಿ ಶುರುವಾಗಿಲ್ಲ, ನಾಲೆ ನೀರಿಗೆ ಕಾಯುತ್ತಿದ್ದಾರೆ ಎಂದು ಬೆಡ್ಡಿನವರಿಗೆ ಮೆಲ್ಲಗೆ ಹೇಳುತ್ತಾಳೆ. ಮುಂದಿನ ಸಂಕ್ರಾಂತಿಗೆ ಕೊಕ್ಕರೆಗಳು ಬರುತ್ತವೆ. ಅದರಾಚೆಯ ಮಾತನ್ನು ನಾವು ಆಡುವುದಿಲ್ಲ.

ಇವತ್ತು ಬೆಳಗಿನಿಂದ ಮೋಡವಿದೆ. ಅವಳು ಜಗಲಿಯಲ್ಲಿ ಕೂತು ಆಕಾಶ ನೋಡುತ್ತಿದ್ದಾಳೆ. ಮಧ್ಯಾಹ್ನದ ಮಜ್ಜಿಗೆ ಬೇಡವೆಂದಳು. ಮಳೆ ಬಂದರೆ ಅದರ ಲೆಕ್ಕಕ್ಕೆ ಬೇಕಾಗುತ್ತದೆ ಎಂದು ಜಾರಿನಲ್ಲಿ ನೂರು ಎಂ.ಎಲ್. ಉಳಿಸಿಕೊಂಡಿದ್ದಾಳೆ.