ಕಣ್ಣು ಮುಚ್ಚಿ ಆರಿಸಿದ ಪಿಸ್ತೂಲು

ಹೊಸಪೇಟೆಯ ಶೂಟಿಂಗ್ ರೇಂಜಿನಲ್ಲಿ ಕೋಚ್ ಗುಂಡು ತುಂಬದ ಎರಡು ಸೆಮಿ ಆಟೋಮ್ಯಾಟಿಕ್ ಪಿಸ್ತೂಲುಗಳನ್ನು ನನ್ನ ಮುಂದಿಟ್ಟರು. ಮರುದಿನದ ಸ್ಪರ್ಧೆಗೆ ಒಂದನ್ನು ಆರಿಸಬೇಕಿತ್ತು. ಮಿರುಗುವ ಹೊಸದಕ್ಕೇ ನಾನು ಕೈ ಹಾಕಿದೆ.

"ಕಣ್ಣಿಗೆ ಕೇಳಬ್ಯಾಡ್ರಿ ಅಕ್ಕಾರ, ಕೈಗೆ ಕೇಳ್ರಿ. ಕಣ್ ಮುಚ್ಚಿ ಎತ್ತಿ ಹಿಡೀರಿ, ಆಮ್ಯಾಲೆ ತೆರದು ನೋಡ್ರಿ," ಎಂದರು.

ಹೊಸದರ ಮೂತಿ ಗುರಿಯಿಂದ ಗೇಣು ಆಚೆಗಿತ್ತು. ಹಿಡಿ ಸವೆದ ಹಳೆಯದು ಗುರಿಯ ನಡುವೆಯೇ ನಿಂತಿತ್ತು. ಭತ್ತದ ಕೊಯ್ಲಿಗೆ ಮುಂಚೆ ಕಂಪ್ಲಿಯ ಕಮ್ಮಾರನ ಮುಂದೆ ಕೂತು ಅವ್ವ ಕುಡುಗೋಲು ಆರಿಸುತ್ತಿದ್ದುದೂ ಹೀಗೆಯೇ, ಕಣ್ಣು ಮುಚ್ಚಿ. ಪಕ್ಕದಲ್ಲಿ ನಿಂತ ನಾನು ನಾಚಿಕೆಯಿಂದ ಅವಳ ಸೆರಗು ಜಗ್ಗುತ್ತಿದ್ದೆ.

ಸ್ಪರ್ಧೆಯಲ್ಲಿ ಗೆಲ್ಲಲಿಲ್ಲ, ಬಿಡಿ. ಮನೆಗೆ ಬಂದು, ಅವ್ವ ಹೋದ ಮೇಲೆ ಯಾರೂ ಮುಟ್ಟದ ಅವಳ ಕೊನೆಯ ಕುಡುಗೋಲನ್ನು ಕಣ್ಣು ಮುಚ್ಚಿ ಹಿಡಿದೆ. ನನ್ನ ಕೈಗೆಂದೇ ಮಾಡಿಸಿದಂತಿತ್ತು.