ಭುಕ್ಕಡನಿಗೆ ಉಣಿಸುತ್ತಿದ್ದ ಜುಲೇಖಾ ಖಾಲಾ

ಬೆಕ್ಕು ಕಾರಿಕೊಂಡದ್ದನ್ನು ಜುಲೇಖಾ ಖಾಲಾ ನೋಡುತ್ತಿದ್ದ ಹಾಗೆ ಮತ್ತೊಬ್ಬರು ನೋಡಿದ್ದನ್ನು ನಾನು ಕಂಡಿಲ್ಲ. ನಾವಾದರೆ ಮೂಗಿಗೆ ಸೆರಗು ಹಿಡಿದು, ಹಳೇ ಪೇಪರಿನಿಂದ ಬಳಿದು, ಮುಖ ತಿರುಗಿಸಿಕೊಂಡು ಹೋಗಿ ಚೆಲ್ಲಿ ಬರುತ್ತೇವೆ. ಆಕೆ ಮೊದಲು ಹೊಲಿಗೆಯ ಕನ್ನಡಕ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಕೌದಿಯ ಹೊಲಿಗೆ ಎಲ್ಲಿ ತಪ್ಪಿದೆ ಎಂದು ಹುಡುಕುವಷ್ಟೇ ನಿಧಾನವಾಗಿ ಅದನ್ನು ನೋಡುತ್ತಿದ್ದಳು.

"ನೋಡು ಬೇಟಾ, ಅನ್ನದ ಅಗಳು ಅಗಳಂಗೇ ಅದ. ಹೊಟ್ಟಿ ತನಕ ಹೋಗೇ ಇಲ್ಲ. ಬಾಗಿಲದಾಗಿಂದೇ ವಾಪಸ್ ಬಂದದ" ಎಂದು ನನ್ನನ್ನೂ ಕರೆದು ತೋರಿಸುತ್ತಿದ್ದಳು.

ಶಹಾಬಜಾರದ ನಮ್ಮ ಓಣಿಯಲ್ಲಿ ಆಕೆಯದು ಎದುರು ಮನೆ. ಓಣಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಆಕೆ ತನ್ನ ಕಟ್ಟೆಯ ಮೇಲಿಂದ ಕೇಳಿದ್ದಕ್ಕೆ ನಾವು ಅಡುಗೆಮನೆಯಿಂದಲೇ ಉತ್ತರ ಕೊಡಬಹುದಿತ್ತು, ಓಣಿ ಅಷ್ಟು ಕಿರಿದು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದು ಕೊಡುವುದು ಆಕೆಯ ಕೆಲಸ. ತವರು ಕಮಲಾಪುರ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಸಿಟ್ಟು ಬಂದರೆ ಎರಡೂ ಕೂಡಿಯೇ ಬರುತ್ತಿದ್ದವು. ಗಂಡ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಅದರ ಬಗ್ಗೆ ಆಕೆ ಮಾತಾಡಿದ್ದೂ ಇಲ್ಲ, ನಾವು ಕೇಳಿದ್ದೂ ಇಲ್ಲ.

ಒಮ್ಮೆ ಮೋಮಿನಪುರಕ್ಕೆ ಕೌದಿ ಕೊಡಲು ಹೋದವಳು ಬರುವಾಗ ಅದೇ ಬಟ್ಟೆಗಂಟಿನಲ್ಲಿ ಈ ಬೆಕ್ಕನ್ನು ಸುತ್ತಿಕೊಂಡು ಬಂದಳು. ಅಲ್ಲಿಯ ಒಂದು ಹೋಟೆಲಿನ ಹಿಂದೆ ಬಿಸಾಡಿದ ಎಲುಬಿಗಾಗಿ ದೊಡ್ಡ ಬೆಕ್ಕುಗಳು ಇದರ ಕಿವಿ ಹರಿದಿದ್ದವಂತೆ. "ಸಾಕ್ಲಾಕ ತಂದಿಲ್ಲ. ಕಿವಿ ಮಾಯೋತನಕ ಇಟ್ಕೋತೀನಿ ಅಷ್ಟೇ" ಎಂದಳು. ಕಿವಿ ಮಾಯಿತು, ಬೆಕ್ಕು ಉಳಿಯಿತು. ಭುಕ್ಕಡ, ಅಂದರೆ ಹೊಟ್ಟೆಬಾಕ, ಎಂದು ಅದಕ್ಕೆ ಹೆಸರಾಯಿತು. ಮುಂದೆ ಇಟ್ಟದ್ದನ್ನು ಉಸಿರು ತೆಗೆದುಕೊಳ್ಳದೆ ನುಂಗಿ, ಎರಡು ಹೆಜ್ಜೆ ಹೋಗಿ, ಬೆನ್ನು ಕುಣಿಸಿ ಎಲ್ಲವನ್ನೂ ಹೊರಗೆ ಹಾಕುತ್ತಿತ್ತು. ಮತ್ತೆ ಬಂದು ಹಸಿವು ಎಂದು ಒದರುತ್ತಿತ್ತು.

ಓಣಿಯವರು ತಲೆಗೊಂದು ಮಾತು ಹೇಳಿದರು. ಒಬ್ಬರು ದೃಷ್ಟಿ ತೆಗೆಯಿರಿ ಎಂದರೆ, ಇನ್ನೊಬ್ಬರು ಎಲ್ಲಿಂದ ತಂದಿರೋ ಅಲ್ಲೇ ಬಿಟ್ಟು ಬನ್ನಿ ಎಂದರು. ಖಾಲಾ ಬೆಕ್ಕನ್ನು ಮುಚ್ಚಳದ ಬುಟ್ಟಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಹೊರಟಳು. "ಡಾಕ್ಟರ್ ಮಾತು ಕೇಳ್ಲಾಕ ನನ್ನವು ಎರಡು ಕಿವಿ ಸಾಲಂಗಿಲ್ಲ" ಎಂದು ನನ್ನನ್ನೂ ಕರೆದುಕೊಂಡು ಹೋದಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಬಾಯಿ ತೆಗೆಸಿ ನೋಡಿ, ರೋಗವೇನೂ ಕಾಣುವುದಿಲ್ಲ, ಇದು ಗಡಿಬಿಡಿಯಲ್ಲಿ ನುಂಗುತ್ತಿದೆ, ಸ್ವಲ್ಪ ಸ್ವಲ್ಪ ಹಲವು ಸಲ ಕೊಡಿ ಎಂದರು. ರಕ್ತ ಕಂಡರೆ, ನೀರೂ ನಿಲ್ಲದಿದ್ದರೆ, ಮೈ ಇಳಿದರೆ ತಡಮಾಡದೆ ತರಬೇಕೆಂದೂ ಹೇಳಿದರು.

ಅಂದಿನಿಂದ ಆಕೆ ಬಟ್ಟಲು ತೆಗೆದಿಟ್ಟು, ಹಿಟ್ಟು ಕಲಸುವ ಅಗಲವಾದ ಪರಾತ ಹಿಡಿದಳು. ಬೇಯಿಸಿದ ಕೋಳಿಯ ಚೂರು, ಮೆತ್ತಗೆ ಹಿಸುಕಿದ ಅನ್ನ ಪರಾತದ ತುಂಬ ದೂರ ದೂರ ಇಡುತ್ತಿದ್ದಳು. ಭುಕ್ಕಡ ಒಂದನ್ನು ತಿಂದು ಇನ್ನೊಂದರ ಹತ್ತಿರ ಹೋಗಲೇಬೇಕು. ಅಷ್ಟು ಮುಗಿದರೆ ಪರಾತ ಮೇಲೆತ್ತಿ, ಸೂಜಿಗೆ ದಾರ ಪೋಣಿಸಿ ಒಂದು ಸಾಲು ಹೊಲಿದು, ಆಮೇಲೆ ಮತ್ತಷ್ಟು. ಬೆಕ್ಕು ಕಾಲಿಗೆ ಸುತ್ತಿಕೊಂಡು ಅರಚಿದರೂ ಆಕೆಯ ಸೂಜಿ ಅವಸರ ಮಾಡುತ್ತಿರಲಿಲ್ಲ.

"ಕಸ್ಕೊಳ್ಳೋರು ಯಾರೂ ಇಲ್ಲೋ ಇಲ್ಲಿ. ಸಾವಕಾಶ ತಿನ್ನು" ಎನ್ನುತ್ತಿದ್ದಳು. ನಾನು ನಕ್ಕರೆ ನನ್ನ ಕಡೆ ತಿರುಗಿ, "ಪ್ರೀತಿ ಅಂತ ತಿಳ್ಕೋಬ್ಯಾಡ. ನೆಲ ಒರಸಿ ಒರಸಿ ಸಾಕಾಗ್ಯಾದ ನಂಗ. ತಿಂದದ್ದಲ್ಲ ಬೇಟಾ, ಉಳದದ್ದು ಮೈಗೆ ಹತ್ತತದ" ಎನ್ನುತ್ತಿದ್ದಳು.

ಕಾರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಒಂದು ದಿನ ಬ್ರಹ್ಮಪುರದವರ ಕೂಸಿಗೆಂದು ಹೊಲಿದು ಮಡಚಿಟ್ಟ ಹೊಸ ಕೌದಿಯ ಮೇಲೆಯೇ ಭುಕ್ಕಡ ತನ್ನ ಕೆಲಸ ಮಾಡಿತು. ಖಾಲಾ ಅದನ್ನು ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಹಾಕಿ, ಕಲೆ ಇಲ್ಲದ ಹಾಗೆ ಮಾಡಿದಳು. ಕೊಡಲು ಹೊರಟಾಗ ನಾನೂ ಬಿಡುವಾಗಿದ್ದೆ, ಜೊತೆಗೆ ಹೋದೆ. ಹೊಸ್ತಿಲಲ್ಲಿ ನಿಂತೇ ಆಕೆ ಹೇಳಿಬಿಟ್ಟಳು: "ಇದರ ಮ್ಯಾಲ ನಮ್ಮ ಬೆಕ್ಕು ಕಾರಿಕೊಂಡಿತ್ರೀ. ಒಗದೀನಿ. ಬ್ಯಾಡಂದ್ರ ಬ್ಯಾರೆ ಹೊಲದು ಕೊಡ್ತೀನಿ."

ಬಾಣಂತಿಯ ಅತ್ತೆ ಕೌದಿಯನ್ನು ಬೆಳಕಿಗೆ ಹಿಡಿದು ತಿರುವಿ ನೋಡಿದರು. "ಇನ್ನ ದಿನಾ ನಮ್ಮ ಕೂಸೇ ಇದರ ಮ್ಯಾಲ ಹಾಲು ಕಕ್ತದ. ಕೊಡ್ರಿ ಇಲ್ಲಿ" ಎಂದು ಇಸಿದುಕೊಂಡರು.

ಬರುವಾಗ ನಾನು, ಒಗೆದಾದ ಮೇಲೆ ಹೇಳುವುದೇನಿತ್ತು ಎಂದೆ. "ಒಗದದ್ದೂ ಖರೆ, ಕಾರಿದ್ದೂ ಖರೆ. ಒಂದೇ ಹೇಳಿ ಇನ್ನೊಂದು ಮುಚ್ಚಿಟ್ರ ನಿದ್ದಿ ಹತ್ತಂಗಿಲ್ಲ" ಎಂದಳು. ಅಷ್ಟೇ, ಮುಂದೆ ಆ ಮಾತು ತೆಗೆಯಲಿಲ್ಲ.

ಅದರ ಮರುವರ್ಷ ನನ್ನ ಅವ್ವನಿಗೆ ಹೊಟ್ಟೆಯ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಉಂಡದ್ದು ನಿಲ್ಲದಾಯಿತು. ಸ್ವಲ್ಪ ಸ್ವಲ್ಪ ಕೊಡಿ, ಕ್ರಮೇಣ ಹೊಂದಿಕೊಳ್ಳುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆದರೆ ಅವ್ವನಿಗೆ ವಾಂತಿಗಿಂತ ನಾಚಿಕೆಯೇ ದೊಡ್ಡದಾಗಿತ್ತು. ಜೀವನವಿಡೀ ಬಂದವರಿಗೆ ಬಡಿಸಿದ ಹೆಂಗಸು. ವಾಂತಿ ಬರುವ ಹಾಗಾದರೆ ನನ್ನನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸುತ್ತಿದ್ದಳು. ತೊಳೆಯಲು ಒಯ್ಯುವ ಬೋಗುಣಿಯ ಮೇಲೆ ಬಟ್ಟೆ ಮುಚ್ಚುತ್ತಿದ್ದಳು. ಕೊನೆಗೆ, ಉಂಡರಲ್ಲವೇ ಈ ಪಜೀತಿ ಎಂದು ಬಾಯಿ ತೆರೆಯುವುದನ್ನೇ ಬಿಟ್ಟಳು. ಹೀಗೇ ಆದರೆ ಮತ್ತೆ ಭರ್ತಿ ಮಾಡಿ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ನಾನು ಚಮಚ ಹಿಡಿದು ಗೋಗರೆದೆ, ಅತ್ತುಬಿಟ್ಟೆ. ಅವ್ವ ಗೋಡೆ ಕಡೆ ಹೊರಳಿ ಮಲಗಿದಳು.

ಮರುದಿನ ಖಾಲಾ ಬಂದು ನನ್ನ ಕೈಯಿಂದ ಗಂಜಿಯ ಬಟ್ಟಲು ತೆಗೆದುಕೊಂಡಳು. "ನೀ ಅಕಡಿ ಹೋಗಿ ಕೂಡು. ನಿನ್ನ ಮಾರಿ ನೋಡಿದ್ರೇ ಆಕಿಗಿ ಹೊಟ್ಟಿ ತೊಳಸತದ" ಎಂದಳು. ನಾನು ಬಾಗಿಲ ಬಳಿ ಕೂತೆ. ಆಕೆ ಗಂಜಿಯನ್ನು ಚಹಾದ ಬಸಿಗೆ ಹಾಕಿ ಆರಿಸಿ, ಒಂದು ಚಮಚ ಕೊಟ್ಟು, ಬಸಿ ಕೆಳಗಿಟ್ಟು, ಕಮಲಾಪುರದ ಅಣ್ಣನ ಬಾಳೆತೋಟದ ಸುದ್ದಿ ತೆಗೆದಳು. ಸುದ್ದಿ ಮುಗಿದ ಮೇಲೆ ಇನ್ನೊಂದು ಚಮಚ. ಶಾಬಾಸ್ ಎನ್ನಲಿಲ್ಲ, ಇನ್ನೊಂದು ತುತ್ತು ಎಂದೂ ಅನ್ನಲಿಲ್ಲ.

ಸ್ವಲ್ಪ ಹೊತ್ತಿಗೆ ಅವ್ವ, "ನಿನ್ನ ಬೆಕ್ಕಿಗಿ ಉಣಸ್ದಂಗ ಉಣಸ್ಲಾಕತ್ತೀ ಏನು?" ಎಂದಳು. ಎಷ್ಟೋ ದಿನಗಳ ಮೇಲೆ ಆಡಿದ ಉದ್ದ ಮಾತು ಅದು.

"ಹೌದಕ್ಕಾ. ಆದ್ರ ಬೆಕ್ಕು ನಿನ್ನಂಗ ಮಾರಿ ತಿರುವಂಗಿಲ್ಲ."

ಅವ್ವ ನಕ್ಕಳು, ನಗುತ್ತಲೇ ಮುಖ ಬದಲಾಯಿತು. ಬಾಗಿಲ ಕಡೆ ಕೈ ತೋರಿಸಿದಳು, ಹೊರಗೆ ಹೋಗು ಎಂದು. ಖಾಲಾ ಏಳಲಿಲ್ಲ. ಒಂದು ಕೈಯಲ್ಲಿ ಬೋಗುಣಿ, ಇನ್ನೊಂದರಲ್ಲಿ ಅವ್ವನ ಹಣೆ ಹಿಡಿದು ಕೂತೇ ಇದ್ದಳು. ಎಲ್ಲ ಆದ ಮೇಲೆ ಅವ್ವ ಸೆರಗಿನಿಂದ ಬೋಗುಣಿ ಮುಚ್ಚಲು ಹೋದರೆ, ಆಕೆ ಸೆರಗು ಸರಿಸಿ, ಕನ್ನಡಕ ಹಾಕಿಕೊಂಡು ನೋಡಿದಳು.

"ಬರೇ ನೀರು ಬಂದದ ಅಕ್ಕಾ. ಗಂಜಿ ಒಳಗ ಉಳದದ" ಎಂದಳು.

ಅವ್ವ ಆಕೆಯ ಮುಖವನ್ನೇ ನೋಡಿದಳು. ಅಲ್ಲಿ ಹೇಸಿಗೆಯೂ ಇರಲಿಲ್ಲ, ಅಯ್ಯೋ ಪಾಪವೂ ಇರಲಿಲ್ಲ. ಆಮೇಲೆ ಅವ್ವ ತಾನಾಗಿ ಬಾಯಿ ತೆರೆದಳು.

ಖಾಲಾ ಹಾಗೆ ಬರುತ್ತಲೇ ಇದ್ದಳು. ಕೌದಿಯ ಗಂಟನ್ನೂ ತಂದು ನಮ್ಮ ಮನೆಯಲ್ಲೇ ಹೊಲಿಯುತ್ತ ಕೂಡುತ್ತಿದ್ದಳು. ಗಂಜಿಯಿಂದ ಕಿಚಡಿಗೆ, ಕಿಚಡಿಯಿಂದ ಹಾಲಲ್ಲಿ ನೆನೆಸಿದ ರೊಟ್ಟಿಗೆ ಅವ್ವ ಬಂದಳು. ಮೂಗಿಗೆ ನಳಿಕೆ ಹಾಕುವ ಪ್ರಸಂಗ ಬರಲಿಲ್ಲ. ಉಪಕಾರದ ಮಾತು ಎತ್ತಿದರೆ ಖಾಲಾ, "ನಿಮ್ಮ ಮನ್ಯಾಗ ಫ್ಯಾನಿನ ಗಾಳಿ ಛಲೋ ಬರ್ತದ, ಅದಕ್ಕೇ ಬಂದೀನಿ" ಎನ್ನುತ್ತಿದ್ದಳು.

ಮೊಣಕಾಲು ಸೋತ ಮೇಲೆ ಆಕೆ ಕಮಲಾಪುರದ ಅಣ್ಣನ ಮನೆಗೆ ಹೋದಳು, ಭುಕ್ಕಡನನ್ನೂ ಕರೆದುಕೊಂಡು. ಪರಾತವೂ ಹೋಯಿತು. ನಾನು ಬಸ್ಸು ಹತ್ತಿ ಆಗಾಗ ಹೋಗಿ ಬರುತ್ತಿದ್ದೆ. ಕಳೆದ ಬೇಸಿಗೆಗೆ ಹೋದಾಗ ಬೆಕ್ಕು ಕಾಣಲಿಲ್ಲ. ಕೇಳಿದೆ.

"ವಯಸ್ಸಾಗಿತ್ತು. ಈ ಸಲ ಕಾರೋದೇ ಬ್ಯಾರೆ ಇತ್ತು, ನೀರೂ ನಿಲ್ಲಲಿಲ್ಲ. ಡಾಕ್ಟರಗ ತೋರಿಸ್ದೆ. ಕಿಡ್ನಿ ಹೋಗ್ಯಾವ ಅಂದ್ರು. ಬೆರಳಿಲೆ ನೀರು ಹಚ್ಚತಿದ್ದೆ, ನೆಕ್ಕತಿತ್ತು. ಆಮ್ಯಾಲ ನೆಕ್ಕೋದು ಬಿಟ್ಟಿತು. ತೋಟದಾಗ ಬಾಳಿ ಬುಡಕ ಹುಗದೀವಿ" ಎಂದಳು. ಧ್ವನಿ ಬದಲಾಗಲಿಲ್ಲ. ಆದರೆ ಚಹಾ ಸೋಸುವಾಗ ಕಪ್ಪು ತುಂಬಿ ಬಸಿಗೆ ಇಳಿಯುವ ತನಕ ಆಕೆಗೆ ಗೊತ್ತಾಗಲಿಲ್ಲ. ಹೊರಡುವಾಗ ಅವ್ವನಿಗೆಂದು ಕೆಂಪು ಬಾಳೆಯ ಹಣ್ಣು ಕಟ್ಟಿಕೊಟ್ಟಳು. "ಒಮ್ಮಿಗೇ ತಿನಬ್ಯಾಡ ಅನ್ನು" ಎಂದಳು. ನಾನು ಆಕೆಯಿಂದ ಕೇಳಿದ ಕಡೆಯ ಮಾತು ಅದೇ.

ಮಳೆಗಾಲ ಮುಗಿಯುವ ಹೊತ್ತಿಗೆ ಆಕೆಯ ಅಣ್ಣನ ಫೋನು ಬಂತು. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲವಂತೆ. ಎಲ್ಲಿಗೂ ಹೋಗದ ಅವ್ವ ತಾನೂ ಬರುತ್ತೇನೆಂದಳು. ನಾವು ಮುಟ್ಟುವಷ್ಟರಲ್ಲಿ ಗಂಡಸರು ಮಣ್ಣು ಮಾಡಲು ಹೋಗಿದ್ದರು. ಒಳಗಿನ ಕೋಣೆಯ ತುಂಬ ಹೆಂಗಸರು ಕೂತಿದ್ದರು. ಗುರುತಿನವರು ಯಾರೂ ಇರಲಿಲ್ಲ. ಅವ್ವ ಗೋಡೆ ಹಿಡಿದು ಬಾಗಿಲಲ್ಲೇ ನಿಂತಳು.

ಒಬ್ಬ ಹಿರಿಯಳು ತಲೆಯೆತ್ತಿ ಕೇಳಿದಳು: "ನೀವು ಜುಲೇಖಾಗ ಏನಾಗಬೇಕ್ರಿ?"

ಎದುರು ಮನೆಯವರು ಎಂದು ನಾನು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವ್ವ, ಆ ಕೋಣೆಯ ಹೆಂಗಸರೆಲ್ಲರಿಗೂ ಕೇಳುವ ಹಾಗೆ, "ನಾ ಆಕಿ ಕೈಯಾಗ ಕಾರಿಕೊಂಡೀನವ್ವ" ಎಂದಳು.

ಯಾರೂ ನಗಲಿಲ್ಲ. ಆ ಹಿರಿಯಳು ಚಾಪೆಯ ಮೇಲೆ ಸರಿದು, ತನ್ನ ಮಗ್ಗುಲಲ್ಲಿ ಅವ್ವನಿಗೆ ಜಾಗ ಮಾಡಿದಳು.