ನೂರಾ ಇಪ್ಪತ್ತು ಸಸಿ, ದಂಡೆ ತುಂಬ ಜಾಲಿ

೧೯೮೪ರ ಜುಲೈ ೧, ಭಾನುವಾರ, ಬೆಳಿಗ್ಗೆ ಏಳೂ ಇಪ್ಪತ್ತು. ಕಂಪ್ಲಿಗಿಂತ ಮೊದಲು ಸಿಗುವ ಹಳ್ಳದ ಸೇತುವೆಯ ಬಳಿ ನಾವು ಆರು ಮಂದಿ ಬಸ್ಸಿಳಿದೆವು. ಎಲ್ಲರೂ ಹೊಸಪೇಟೆಯಲ್ಲಿ ಕಾಲೇಜು ಓದುವವರು. ಸಂಡೂರಿನಿಂದ ಅದಿರಿನ ಲಾರಿಯಲ್ಲಿ ಬಂದಿದ್ದ ಸಸಿಗಳನ್ನು ಎಣಿಸಿ ಬರೆದುಕೊಂಡೆ: ಹೊಂಗೆ ಅರವತ್ತು, ನೇರಳೆ ನಲವತ್ತು, ಹೊಳೆಮತ್ತಿ ಇಪ್ಪತ್ತು.

ಮೊದಲ ಮಳೆಯ ಕೆಂಪು ನೀರು ಬಂದಾಗ ಹೊಳೆಯ ಮೀನುಗಳು ಈ ಹಳ್ಳ ಹತ್ತಿ ಬಂದು ಮೊಟ್ಟೆ ಇಡುತ್ತವೆ. ಕಾಲುವೆ ಬಂದ ಮೇಲೆ ಜನ ದಂಡೆಯ ಮರ ಕಡಿದು ನೀರಿನ ಅಂಚಿನವರೆಗೂ ಭತ್ತ ಹಚ್ಚಿದರು. ಮಣ್ಣು ಕುಸಿದು ಮೀನಿನ ಮಡುಗಳು ಹೂಳಿನಿಂದ ತುಂಬಿದವು. ಒಬ್ಬ ರೈತರು ಮಾತ್ರ ದಂಡೆಯ ಐದು ಮಾರು ಅಗಲದ ಪಟ್ಟಿಯನ್ನು ಮತ್ತೆ ಮರ ಬೆಳೆಸಲು ಒಂದು ವರ್ಷ ನಮಗೆ ಬಿಟ್ಟುಕೊಡಲು ಒಪ್ಪಿದರು.

"ಮುಂದಿನ ಮಳಿಗಾಲಕ್ಕ ಐವತ್ತು ಗಿಡ ನಿಂತಿರಬೇಕು ನೋಡು ತಂಗಿ. ಇಲ್ಲಂದ್ರ ಭತ್ತ ಹಚ್ತೀನಿ. ಆಮ್ಯಾಲ ಅಳಬ್ಯಾಡ್ರಿ."

ಆಡು ಬಾಯಿ ಹಾಕದಂತೆ ಪ್ರತಿ ಸಸಿಗೂ ಮುಳ್ಳು ಕಟ್ಟಬೇಕಿತ್ತು. ನಮ್ಮ ಕಡೆ ಮುಳ್ಳೆಂದರೆ ಬಳ್ಳಾರಿ ಜಾಲಿ, ಕೈ ಚಾಚಿದಲ್ಲಿ ಸಿಗುತ್ತದೆ. ಅದನ್ನೇ ಕಟ್ಟೋಣ ಎಂದವಳು ನಾನು. ಆ ದಿನದ ಡೈರಿಯಲ್ಲಿ "ಕೊಂಬೆ ತುಂಬ ಕಾಯಿ, ಹಳದಿ, ಸಿಹಿ ವಾಸನೆ" ಎಂದೂ ಬರೆದಿದ್ದೇನೆ. ಇಷ್ಟು ಬರೆಯುವಷ್ಟು ಬುದ್ಧಿ ಇದ್ದವಳಿಗೆ ಮುಂದಿನದು ಹೊಳೆಯಲಿಲ್ಲ.

ನೋಡಿಕೊಳ್ಳುವ ಹೊಣೆ ಕಂಪ್ಲಿಯ ಸಹಪಾಠಿಯದು. ತಿಂಗಳಿಗೊಮ್ಮೆ ಕೇಳುತ್ತಿದ್ದೆ. ಹಸಿರಾಗಿವೆ, ಮಸ್ತ್ ಹಸಿರಾಗಿವೆ ಎನ್ನುತ್ತಿದ್ದ. ಹನ್ನೊಂದು ಸಲ "ಕ್ಷೇಮ" ಎಂದು ಬರೆದೆ.

೧೯೮೫ರ ಜೂನ್ ೩೦ರಂದು ಹೋಗಿ ನೋಡಿದರೆ ದಂಡೆ ಹಸಿರಾಗಿದ್ದುದು ನಿಜ. ಸೊಂಟದೆತ್ತರ, ಒತ್ತಾಗಿ, ಎಲ್ಲಾ ಜಾಲಿ. ನಾವು ಕಟ್ಟಿದ ಮುಳ್ಳಿನ ಕಾಯಿಗೇ ಆಡುಗಳು ಬಂದಿದ್ದವು. ಕಾಯಿ ತಿಂದು, ಸಂದಿಯಲ್ಲಿ ಮೂತಿ ತೂರಿಸಿ ಸಸಿಯನ್ನೂ ತಿಂದು, ಹಿಕ್ಕೆಯಲ್ಲಿ ಬೀಜ ಬಿಟ್ಟು ಹೋಗಿದ್ದವು. ಸಹಪಾಠಿ ವರ್ಷವಿಡೀ ಸೇತುವೆಯ ಮೇಲೆ ಸೈಕಲ್ಲಿನಿಂದ ಇಳಿಯದೆ ನೋಡಿದ್ದನಂತೆ. ಕೆಳಗೆ ಕೆಸರಿತ್ತಂತೆ.

ಎರಡು ಗಂಟೆ ಮುಳ್ಳಲ್ಲಿ ನುಗ್ಗಿ ಉಳಿದ ನಮ್ಮ ಸಸಿಗಳನ್ನು ಎಣಿಸಿದೆ. ಮೂವತ್ತೊಂದು. ಅಷ್ಟರಲ್ಲಿ ರೈತರು ಬಂದರು. ನಾನು ಬಾಯಿ ತೆರೆಯುವ ಮೊದಲೇ ಸಹಪಾಠಿ ಶುರುಮಾಡಿದ.

"ಗಿಡ ಅಂದಿದ್ರಿ ಯಜಮಾನ್ರ, ಯಾವ ಗಿಡ ಅಂತ ಹೇಳಿದ್ದಿಲ್ಲ. ಜಾಲೀನೂ ಗಿಡಾನ ಅಲ್ಲೇನ್ರಿ?"

ರೈತರು ಅವನ ಕಡೆ ತಿರುಗಲೇ ಇಲ್ಲ. ಡೈರಿಯಲ್ಲಿ ಎಷ್ಟು ಬರೆದಿದ್ದೀ ಎಂದು ನನ್ನನ್ನು ಕೇಳಿದರು. ಮೂವತ್ತೊಂದು ಎಂದೆ. ಸಹಪಾಠಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ರೈತರು ಪಟ್ಟಿಯ ಉದ್ದಕ್ಕೂ ಕಣ್ಣಾಡಿಸಿ, ಒಂದು ಜಾಲಿಯನ್ನು ಕಾಲಿನಿಂದ ಒತ್ತಿ ನೋಡಿದರು.

"ಇದರಾಗ ಎತ್ತು ಹೂಡಿದ್ರ ಅವುಗಳ ಕಾಲು ಉಳಿತಾವೇನವ್ವ? ಜಾಲಿ ಬೇರು ಸೈತ ಕಿತ್ತು ಕೊಡ್ರಿ. ಅಲ್ಲೀತನಕ ದಂಡಿ ನಿಮ್ದು."

ಅಂದಿನಿಂದ ನಲವತ್ಮೂರು ಭಾನುವಾರ ಅಗೆದಿದ್ದೇವೆ. ಒಂದು ಬೇರು ಕಡಿದರೆ ಮೂರು ಚಿಗುರು. ಸಹಪಾಠಿಯ ಗುದ್ದಲಿಗೆ ಎರಡು ಹೊಂಗೆ ಹೋಗಿ ಈಗ ಇಪ್ಪತ್ತೊಂಬತ್ತು ಉಳಿದಿವೆ. ಜಾಲಿ ಕೀಳದಿದ್ದರೆ ಇವು ಸಾಯುತ್ತವೆ. ಎಲ್ಲ ಕಿತ್ತರೆ ದಂಡೆ ಭತ್ತಕ್ಕೆ ಹೋಗುತ್ತದೆ. ಅದಕ್ಕೇ ಗಿಡಗಳ ಸುತ್ತ ಒಂದೊಂದು ಮಾರು ಮಾತ್ರ ಕಿತ್ತು, ಗದ್ದೆಯ ಅಂಚಿನ ಜಾಲಿಯನ್ನು ಹಾಗೇ ಬಿಟ್ಟಿದ್ದೇವೆ. ರೈತರು ದಿನಾ ಅದರ ಪಕ್ಕದಲ್ಲೇ ಓಡಾಡುತ್ತಾರೆ, ಏನೂ ಕೇಳಿಲ್ಲ.

ಹೊಂಗೆ ಎಷ್ಟನೆಯ ವರ್ಷಕ್ಕೆ ತನ್ನ ನೆರಳಿನಲ್ಲಿ ಜಾಲಿ ಏಳದಂತೆ ಮಾಡುತ್ತದೆ ಎಂದು ಕಂಡು ಬಲ್ಲವರಿದ್ದರೆ ದಯವಿಟ್ಟು ಬರೆಯಿರಿ. ವರ್ಷವನ್ನು ಅಂಕಿಯಲ್ಲಿ ತಿಳಿಸಿ. ಸೇತುವೆಯ ಮೇಲಿಂದ ನೋಡಿದವರು ಬರೆಯುವುದು ಬೇಡ.